ಅರ್ಜಿಯಲ್ಲಿ ತಪ್ಪಿದ ತಾರೀಖು

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳ ತುದಿಗಳು ಸದಾ ನೇರಳೆಹಣ್ಣು ತಿಂದವರ ನಾಲಿಗೆಯ ಹಾಗಿರುತ್ತಿದ್ದವು. ಕಾರ್ಬನ್ ಕಾಗದದ ಮಸಿ. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರು ಅವರ ಕೈಯನ್ನು ಎರಡೆರಡು ಸಲ ನೋಡುತ್ತಿದ್ದರಂತೆ.

ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಇನ್‌ಸ್ಟಿಟ್ಯೂಟ್. ಇದ್ದದ್ದು ನಾಲ್ಕು ಮಷಿನ್ನು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೇರಿದಾಗ ಅಲ್ಲಿದ್ದ ಹುಡುಗಿ ನಾನೊಬ್ಬಳೇ. ಮೇಷ್ಟ್ರು ನಮಗೆ ಬೆನ್ನು ಮಾಡಿ ಕಿಟಕಿಯ ಬಳಿ ನಿಂತಿರುತ್ತಿದ್ದರು. ತಪ್ಪು ಹೊಡೆದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. "ಎಡಗೈ ಕಿರುಬೆರಳು ನಿದ್ದೆ ಮಾಡ್ತಾ ಇದ್ಯಲ್ಲೇ ಮಾರಾಯ್ತಿ, ಎಬ್ಸು" ಎನ್ನುತ್ತಿದ್ದರು. ಬೈದದ್ದನ್ನು ನಾನು ಕೇಳಿಲ್ಲ.

ಆಗ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಸುಡಾನ್ ದೇಶದ ಯುವಕನೊಬ್ಬ ಮೆಟ್ಟಿಲು ಹತ್ತಿ ಬಂದ. ನಮ್ಮ ದೇಶದಲ್ಲೇ ಎಂಜಿನಿಯರಿಂಗ್ ಓದಿ, ತರಬೇತಿಗೆಂದು ಅಣೆಕಟ್ಟೆಗೆ ಬಂದಿದ್ದವನು. ಗುತ್ತಿಗೆದಾರರೊಬ್ಬರು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದರು. ಆದರೆ ಅವನಿಗಿದ್ದದ್ದು ಓದುವವರ ವೀಸಾ. ಕೆಲಸದ ವೀಸಾ ಬೇಕೆಂದರೆ ಓದು ಮುಗಿಸಿದ ಪತ್ರ, ಕೆಲಸ ಕೊಡುವವರ ಪತ್ರ ಎರಡೂ ಬೇಕು. ಮೇಲಾಗಿ, ಹಳೆಯದರ ಅವಧಿ ತೀರುವ ಮೊದಲೇ ಅರ್ಜಿ ಹೋಗಿರಬೇಕು. ತನ್ನ ಊರಿನ ನದಿಗೂ ಅಣೆಕಟ್ಟೆ ಬರುತ್ತಿದೆ, ಇಲ್ಲಿ ಕೈಯಾರೆ ಕೆಲಸ ಮಾಡಿ ಹೋದರೆ ಮಾತ್ರ ಅಲ್ಲಿ ತನ್ನನ್ನು ಕರೆಯುತ್ತಾರೆ ಎಂದ. ಸುಮ್ಮನೆ ಸೇರಿಕೋ, ಯಾರು ಕೇಳುತ್ತಾರೆ ಎಂದು ಕ್ಯಾಂಪಿನಲ್ಲಿ ಯಾರೋ ಹೇಳಿದ್ದರಂತೆ.

ಮೇಷ್ಟ್ರು ಅವನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ನಮಗೆ ಕನ್ನಡದಲ್ಲಿ ಹೇಳಿದರು: "ಕೇಳೋ ದಿನ ಬಂದೇ ಬರ್ತದೆ. ಅವತ್ತು ಹೀಗೆ ಹೇಳ್ದವ್ರು ಯಾರೂ ಇರೋದಿಲ್ಲ."

ಅರ್ಜಿಯನ್ನು ಅವರೇ ಬರೆದು, ಟೈಪ್ ಮಾಡಲು ನನಗೆ ಕೊಟ್ಟರು. ಹೆಮ್ಮೆಯಿಂದ ಬೀಗುತ್ತ ಹೊಡೆದೆ. ವೀಸಾ ಮುಗಿಯುವ ತಾರೀಖಿನಲ್ಲಿ ತಿಂಗಳು ತಪ್ಪಿತು. ಹಿಂದಿನ ತಿಂಗಳು ಬಿತ್ತು. ಅಂದು ಅವರೂ ಓದಿ ನೋಡಲಿಲ್ಲ.

ಶಿವಮೊಗ್ಗದ ಕಚೇರಿಯಿಂದ ಅರ್ಜಿ ವಾಪಸು ಬಂತು: ಅವಧಿ ತೀರಿದ ಮೇಲೆ ಬಂದದ್ದು, ಪರಿಶೀಲಿಸಲಾಗದು. ನಿಜವಾದ ಅವಧಿ ತೀರಲು ಇನ್ನೂ ಐದು ದಿನ ಉಳಿದಿತ್ತು. ಆ ಯುವಕ ಕಾಗದವನ್ನು ಮೇಜಿನ ಮೇಲೆ ಹಾಕಿ, ಇದನ್ನು ಟೈಪ್ ಮಾಡಿದ್ದು ಯಾರು ಎಂದು ಕೇಳಿದ. ನನ್ನ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು.

"ನಾನೇ" ಎಂದರು ಮೇಷ್ಟ್ರು.

ಅವನು ಆಡಬಾರದ್ದನ್ನೆಲ್ಲ ಆಡಿದ. ಅಷ್ಟು ಜನ ವಿದ್ಯಾರ್ಥಿಗಳ ಎದುರು ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ. ಮರುದಿನ ಮೇಷ್ಟ್ರು ಮೊದಲನೇ ಬಸ್ಸಿಗೆ ಹೊಸ ಅರ್ಜಿಯೊಂದಿಗೆ ಅವನನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋದರು. ಎರಡು ದಿನ ಕಚೇರಿಯ ಬೆಂಚಿನ ಮೇಲೆ ಕೂತು, ಅರ್ಜಿ ಸೇರಿದ್ದಕ್ಕೆ ಮೊಹರು ಹಾಕಿಸಿಕೊಂಡೇ ಬಂದರು. ಅಪ್ಪಣೆ ಬರಲು ತಿಂಗಳುಗಳೇ ಹಿಡಿದವು, ಬಂತು. ಅವನು ಅಣೆಕಟ್ಟೆಯಲ್ಲಿ ಕೆಲಸ ಮಾಡಿ, ಮುಗಿದ ಮೇಲೆ ತನ್ನ ದೇಶಕ್ಕೆ ಹೋದ.

ನನ್ನೊಡನೆ ಮೇಷ್ಟ್ರು ಆ ಮಾತೆತ್ತಲೇ ಇಲ್ಲ. ಒಂದು ಬೆಳಿಗ್ಗೆ ಮಾತ್ರ ಪಕ್ಕದಲ್ಲಿ ನಿಂತು, "ತಾರೀಖು ಬಂದಲ್ಲಿ ಕೈ ನಿಲ್ಸು. ಒಂದ್ಸಲ ಉಸ್ರು ಬಿಡು. ಆಮೇಲೆ ಹೊಡಿ" ಎಂದರು. ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ನಿವೃತ್ತಿಯವರೆಗೂ ಹಾಗೆಯೇ ಹೊಡೆದೆ.

ಮೇಷ್ಟ್ರು ತೀರಿಹೋದ ಸುದ್ದಿ ತಡವಾಗಿ ತಿಳಿಯಿತು. ತೀರ್ಥಹಳ್ಳಿಯ ಅವರ ಮನೆಗೆ ಹೋದಾಗ ಹದಿಮೂರು ದಿನವೂ ಕಳೆದಿತ್ತು. ಮೇಷ್ಟ್ರ ಹೆಂಡತಿಯ ಮುಂದೆ ಕೂತು, ಅಂದಿನ ತಪ್ಪು ನನ್ನದು ಎಂದು ಹೇಳಿದೆ.



"ನಂಗೂ ತಾನೇ ಮಾಡಿದ್ದು ಅಂತಲೇ ಹೇಳಿದ್ರಲ್ಲೇ. ಪರದೇಶಿ ಹುಡುಗನ ಬದುಕು ಹಾಳು ಮಾಡ್ತಿದ್ರಲ್ಲ, ಕಣ್ಣು ಎಲ್ಲಿಟ್ಟಿದ್ರಿ ಅಂತ ಎಷ್ಟು ದಿನ ಬೈದಿದ್ದೀನಿ ಗೊತ್ತಾ? ಒಂದು ದಿನನೂ ಎದುರಾಡ್ಲಿಲ್ಲ."