ನೀರಿನಿಂದ ಮೇಲೆ ಬಂದ ಕಪ್ಪೆಗಳು

2016ರಲ್ಲಿ ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನ ಮನೆಯಲ್ಲಿ ನಾವು ಮೂವರಿದ್ದೆವು: ನಾನು, ಧಾರವಾಡದಿಂದ ಬಂದಿದ್ದ ನನ್ನ ಅವ್ವ, ಮತ್ತು ಹಿಂದಿನ ಕೋಣೆಯ ಫ್ಲಾಟ್‌ಮೇಟ್. ಆ ಹುಡುಗಿ ಪೆರು ದೇಶದವಳು. ಆಲ್ಬನಿಯ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದಳು. ಅವಳ ಅಪ್ಪ ಟಿಟಿಕಾಕಾ ಸರೋವರದ ಮೀನುಗಾರ. ಬೆಟ್ಟಗಳ ನೆತ್ತಿಯಲ್ಲಿರುವ ಸರೋವರವದು. ಹೊಸಬರಿಗೆ ಅಲ್ಲಿ ಉಸಿರು ಹಿಡಿಯುತ್ತದಂತೆ.

ಭಾನುವಾರ ಬೆಳಿಗ್ಗೆ ಏವನ್‌ಡೇಲ್ ಸಂತೆಯಿಂದ ತಂದ ಸೊಪ್ಪು ಬಿಡಿಸುತ್ತ ಕೂತಿರುವಾಗ ಅವಳ ಅಪ್ಪನ ವಿಡಿಯೊ ಕರೆ ಬರುತ್ತಿತ್ತು. ಅಲ್ಲಿ ಇನ್ನೂ ಶನಿವಾರ ಮಧ್ಯಾಹ್ನ. ಒಮ್ಮೆ ಅವರು ಬಲೆಗೆ ಬಿದ್ದ ಕಪ್ಪೆಯೊಂದನ್ನು ಎತ್ತಿ ತೋರಿಸಿದರು.

"ಅದರ ತೊಗಲು ನೋಡ, ಸೀರಿ ನಿರಗಿ ಹಿಡದಂಗ ಐತಿ," ಎಂದಳು ಅವ್ವ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಫ್ಲಾಟ್‌ಮೇಟ್ ನಕ್ಕಳು. "ಆ ಮಡಿಕೆಗಳಿಂದಲೇ ಅದು ನೀರಿನೊಳಗೆ ಉಸಿರಾಡುತ್ತೆ ಆಂಟಿ. ಮೇಲಕ್ಕೆ ಬರೋದೇ ಅಪರೂಪ." ಅವಳ ಇಂಗ್ಲಿಷನ್ನು ನಾನು ಅವ್ವನಿಗೆ ಕನ್ನಡ ಮಾಡಿ ಹೇಳಿದೆ.

ಕೆಲವು ವಾರಗಳಾದ ಮೇಲೆ ಒಂದು ಕರೆ ಮುಗಿಸಿ ಅವಳು ಫೋನನ್ನು ಬೋರಲು ಮಾಡಿಟ್ಟಳು. ಏನೆಂದು ಕೇಳಿದೆ.

"ಕಪ್ಪೆಗಳು ಮೇಲೆ ಬರ್ತಾ ಇವೆಯಂತೆ."

ಮೇಲಿನ ಪಟ್ಟಣಗಳ ಕೊಳಚೆಯೆಲ್ಲ ಹೊಳೆ ಸೇರಿ ಸರೋವರಕ್ಕೇ ಬರುತ್ತಿತ್ತು. ಆಮೇಲಿನ ಭಾನುವಾರಗಳಲ್ಲಿ ಅಪ್ಪ ಫೋನನ್ನು ನೀರಿನ ಕಡೆ ತಿರುಗಿಸುತ್ತಲೇ ಇರಲಿಲ್ಲ. ಆದರೆ ಅವ್ವನ ಕಣ್ಣು ಬೇರೆಯದರ ಮೇಲಿತ್ತು.

"ಅವರು ಕೈ ಯಾಕ ಹಂಗ ಕೆರಕೊಳ್ಳಾಕತ್ತಾರ? ಮನ್ಯಾಗ ಕುಡಿಯೂದೂ ಅದ ನೀರೇನು? ಕೇಳ ಆಕೀನ್ನ."

ಕೇಳಿದೆ. ಅವಳಿಗೆ ಅದು ಹೊಳೆದೇ ಇರಲಿಲ್ಲ. ತಕ್ಷಣ ತಿರುಗಿ ಕರೆ ಮಾಡಿದಳು. ಅಪ್ಪ ನಕ್ಕುಬಿಟ್ಟರು. "ನಿನ್ನಜ್ಜನೂ ಇದೇ ನೀರು ಕುಡಿದವನಲ್ಲವಾ?" ಅಂದರಂತೆ.

ಮುಂದಿನ ಭಾನುವಾರ ಕರೆ ಬರಲಿಲ್ಲ. ಮೇಜಿನ ನಡುವೆ ಇಟ್ಟ ಫೋನಿನ ಸುತ್ತ ನಾವು ಮೂವರೂ ಕೂತಿದ್ದೆವು. ಅವಳು ಮಾಡಿದ ಕರೆಗಳನ್ನು ಆ ಕಡೆ ಯಾರೂ ಎತ್ತಲಿಲ್ಲ. ಆ ವಾರವೇ ಅವರ ದೇಶದ ಸುದ್ದಿಯಲ್ಲಿ ಚಿತ್ರಗಳು ಬಂದವು: ಹೊಳೆಯುದ್ದಕ್ಕೂ ಸತ್ತು ಅಂಗಾತ ತೇಲುತ್ತಿದ್ದ ಕಪ್ಪೆಗಳು. ದಂಡೆಯಲ್ಲಿ ನಿಂತವರ ಮುಖಗಳನ್ನು ಅವಳು ದೊಡ್ಡದು ಮಾಡಿ ಮಾಡಿ ನೋಡಿದಳು. ಅಪ್ಪ ಅವರಲ್ಲಿರಲಿಲ್ಲ.

ಕೊನೆಗೆ ಕರೆ ಬಂದಾಗ ಅವರು ಪಟ್ಟಣದ ಚೌಕದಲ್ಲಿದ್ದರು. ಪಕ್ಕದಲ್ಲಿ ಅವರ ಊರಿನ ಹೆಂಗಸರು ಕಲ್ಲುಹಾಸಿನ ಮೇಲೆ ಸತ್ತ ಕಪ್ಪೆಗಳನ್ನು ಸಾಲಾಗಿ ಇಡುತ್ತಿದ್ದರು.

"ಸರ್ಕಾರದವರು ಯಾರೂ ಬಂದು ನೋಡಲಿಲ್ಲ. ಅದಕ್ಕೆ ನಾವೇ ವಾರವಿಡೀ ಆರಿಸಿ ಹೊತ್ತು ತಂದ್ವಿ," ಎಂದರು. ಅವರ ಕೈಗೆ ಬಟ್ಟೆ ಸುತ್ತಿತ್ತು.

ಪರೀಕ್ಷೆ ಮುಗಿದದ್ದೇ ಅವಳು ಊರಿಗೆ ಹೊರಟಳು. ವಿಮಾನ ನಿಲ್ದಾಣದಲ್ಲಿ ಅವ್ವ ಅವಳ ಗಲ್ಲ ಹಿಡಿದು, ಭಾಷೆ ತಿಳಿಯದೆಂಬುದನ್ನೂ ಮರೆತು ಹೇಳಿದಳು: "ಮೊದಲ ಬ್ಯಾರೆ ಕಡೆಯಿಂದ ನೀರು ತರಸು ಯವ್ವಾ." ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ಅವಳು ತಲೆಯಾಡಿಸಿದಳು.

ತಿಂಗಳುಗಳ ನಂತರ ಅವಳ ಸಂದೇಶ ಬಂತು. ಗುಡ್ಡದ ಮೇಲಿನ ಒರತೆಯಿಂದ ನೀರು ತರುತ್ತಿದ್ದರು. ಅಪ್ಪನ ಕೈ ವಾಸಿಯಾಗಿತ್ತು. ಹೊಳೆ ಸೇರುವ ಕಡೆ ಬಲೆಗೆ ಒಂದು ಕಪ್ಪೆಯೂ ಬೀಳುತ್ತಿರಲಿಲ್ಲ. ಧಾರವಾಡಕ್ಕೆ ಮರಳಿದ್ದ ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಮೀನು ಅದಾವಂತೇನು?"

ಆ ಪ್ರಶ್ನೆಯನ್ನೇ ಬರೆದು ಕಳಿಸಿದೆ. ಮರುದಿನ ಉತ್ತರ ಬಂತು: "ಇವೆ. ಆದರೆ ಅಪ್ಪ ತಿನ್ನೋದು ಬಿಟ್ಟಿದ್ದಾರೆ."