ಸೊಲ್ಲಾಪುರದಿಂದ ಬಂದ ಒಂದು ಶಬ್ದ

ಆ ಭಾನುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ನಾವು ಮೂವರೇ ಇದ್ದೆವು: ನನ್ನ ಅಜ್ಜಿ, ಅಜ್ಜಿಯ ಗೆಳತಿ ಟೀಚರಬಾಯಿ, ಮತ್ತು ನಾನು. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತು ಜೋಳದ ದಂಟುಗಳನ್ನು ಕಟ್ಟುತ್ತಿದ್ದಳು. ಅಂದು ನಮ್ಮ ಸುಗ್ಗಿ ಹಬ್ಬ. ಟೀಚರಬಾಯಿ ವೇದಿಕೆಗೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಮೇಜಿನ ಹತ್ತಿರ ಪೆನ್ನು ಹಿಡಿದು ಕೂತಿದ್ದೆ.

ಚರ್ಚು ನಮ್ಮದಲ್ಲ, ಮರಾಠಿ ಸಭೆಯದು. ಬೆಳಗ್ಗೆ ಅವರ ಆರಾಧನೆ ಮುಗಿದ ಮೇಲೆ ಸಂಜೆ ನಾಲ್ಕಕ್ಕೆ ಪುಣೆಯ ನಾವು ನಲವತ್ತು ಕನ್ನಡದ ಮನೆಯವರು ಅಲ್ಲಿ ಸೇರುತ್ತಿದ್ದೆವು. ಧಾರವಾಡ, ಗದಗ, ಬೆಳಗಾವಿ ಕಡೆಯಿಂದ ರೈಲ್ವೆಗೋ ಫ್ಯಾಕ್ಟರಿಗೋ ಬಂದವರು. ಅಜ್ಜಿಗೆ ಆ ಸಭೆಯಲ್ಲಿ ಯಾರೂ ಕೊಡದ, ತಾನೇ ಹೊತ್ತುಕೊಂಡ ಒಂದು ಕೆಲಸವಿತ್ತು. ವಾರವಿಡೀ ಮನೆಮನೆಯ ಸುದ್ದಿ ಕೂಡಿಸುವುದು, ಭಾನುವಾರ ಅದನ್ನು ಚೀಟಿಗಳಲ್ಲಿ ಬರೆಸಿ ಪ್ರಾರ್ಥನೆಗೆ ಮುಂಚೆ ಓದಲು ಅಯ್ಯನವರ ಕೈಗೆ ಕೊಡುವುದು. ಅಯ್ಯನವರು ಎಂದರೆ ನಮ್ಮ ಪಾದ್ರಿಗಳು. ಅಜ್ಜಿಯ ಕಣ್ಣು ಮಂದವಾದ ಮೇಲೆ ಬರೆಯುವ ಕೈ ನನ್ನದು. ಸ್ತೋತ್ರದ ಚೀಟಿಗಳು ಒಂದು ಕಟ್ಟು, ದುಃಖದವು ಇನ್ನೊಂದು. ಸತ್ತವರನ್ನು ಅಜ್ಜಿ ಎಂದೂ ಸತ್ತರು ಎಂದು ಬರೆಸಿದವಳಲ್ಲ. 'ಇಂಥವರಿಗೆ ದೇಹದಿಂದ ಬಿಡುಗಡೆಯಾಯಿತು' ಎಂದೇ ಬರೆಯಬೇಕು. ಅವಳ ತಂದೆ ಹಾಗೆ ಬರೆಯುತ್ತಿದ್ದರಂತೆ.

"ಹಿಂಗ ಕಟ್ಟಿದ್ರ ಆರಾಧನಿಗೆ ಮಂದಿ ಅಲ್ಲ, ಎಮ್ಮಿ ಬರ್ತಾವ ನೋಡ್ರಿ," ಎಂದರು ಟೀಚರಬಾಯಿ, ದಂಟಿನ ಕಟ್ಟನ್ನು ನೋಡಿ.

"ಬರ್ಲಿ ಬಿಡ್ರಿ. ನಿಮ್ಮ ಹಾಡಿಗಿಂತ ಅವು ಛಲೋ ಹಾಡ್ತಾವ," ಅಂದಳು ಅಜ್ಜಿ.

ಮಾತು ನಗೆಯದಾದರೂ ಅಜ್ಜಿಯ ಬೆರಳು ನಗುತ್ತಿರಲಿಲ್ಲ. ಅದೇ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದ್ದಳು. ಸೊಲ್ಲಾಪುರದಲ್ಲಿ ಅವಳ ಕಿರಿಮಗಳು ತುಂಬಿದ ಬಸುರಿ. ನನಗೆ ಸಣ್ಣತ್ತೆ, ನನಗಿಂತ ಎಂಟೇ ವರ್ಷ ದೊಡ್ಡವಳು. ನಮ್ಮ ಮನೆಯಿಂದ ಮರಾಠಿ ಮನೆಗೆ ಹೋದ ಮೊದಲ ಹುಡುಗಿ ಅವಳೇ. ಚೊಚ್ಚಲ ಹೆರಿಗೆಗೆ ವಾಡಿಕೆಯಂತೆ ತವರಿಗೆ ಬಂದಿದ್ದಳು. ಆ ಕೂಸು ಉಳಿಯಲಿಲ್ಲ. ಎರಡನೆಯದಕ್ಕೆ ಅವಳ ಗಂಡನ ಮನೆಯವರು, "ಈ ಸಲ ಇಲ್ಲೇ ಆಗಲಿ," ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಜ್ಜಿಗೆ ಅದು ಮುಳ್ಳಿನಂತೆ ಚುಚ್ಚಿಕೊಂಡಿತ್ತು. ಬುಧವಾರ ಬಂದ ಕಾಗದದಲ್ಲಿ ಸಣ್ಣತ್ತೆಯ ಕಾಲು ಬಾತಿವೆ, ಬಿಪಿ ಏರಿದೆ, ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ ಎಂದಿತ್ತು. ಅಜ್ಜಿ ಶುಕ್ರವಾರವೇ ಹೊರಟು ನಿಂತವಳು. ಆಮೇಲೆ ಅವಳೇ, "ಸುಗ್ಗಿ ಹಬ್ಬ ಮುಗಿಸಿ ಸೋಮವಾರ ಹೋಗ್ತೀನಿ, ಹಿಡಿದ ಕೆಲಸ ಬಿಟ್ರ ದೇವರು ಏನಂದಾನು," ಎಂದು ಚೀಲವನ್ನು ಮಂಚದ ಕೆಳಗೆ ತಳ್ಳಿದಳು.

ಇಸ್ತ್ರಿ ಮಾಡಿದ ಬಟ್ಟೆ ಇಡಲು ಟೀಚರಬಾಯಿ ಫೋನಿನ ಮೇಜನ್ನು ತೆರವು ಮಾಡಿದಾಗ ಹಾಡಿನ ಪುಸ್ತಕದ ಕೆಳಗೆ ಆ ಕಾಗದದ ತುಂಡು ಸಿಕ್ಕಿತು. ಮನೆಯಲ್ಲಿ ಫೋನಿಲ್ಲದ ನಾವೆಲ್ಲ ಊರಿನವರಿಗೆ ಚರ್ಚಿನ ನಂಬರನ್ನೇ ಕೊಟ್ಟಿದ್ದೆವು. ಬೆಳಗಿನ ಹೊತ್ತು ಫೋನ್ ಎತ್ತುತ್ತಿದ್ದ ಚರ್ಚಿನ ಮರಾಠಿ ಜವಾನ ಸಂದೇಶ ಬರೆದಿಟ್ಟು, ಯಾರದೋ ಮದುವೆಗೆ ಸಾಸವಡಕ್ಕೆ ಹೋಗಿಬಿಟ್ಟಿದ್ದ.

ನಾನೇ ಗಟ್ಟಿಯಾಗಿ ಓದಿದೆ. ಓದುವ ಮೊದಲು ಒಮ್ಮೆ ಕಣ್ಣಾಡಿಸಬೇಕಿತ್ತು.

"ಸೋಲಾಪುರಹೂನ್ ಫೋನ್. ಮುಲಗೀ ಪಹಾಟೇ ಸುಟಲೀ. ಲವಕರ ಯಾ."

ಸೊಲ್ಲಾಪುರದಿಂದ ಫೋನ್. ಮಗಳು ನಸುಕಿನಲ್ಲಿ ಸುಟಲೀ. ಬೇಗ ಬನ್ನಿ.

ಶಾಲೆ ಬಿಟ್ಟರೆ ಮರಾಠಿಯಲ್ಲಿ ಶಾಳಾ ಸುಟಲೀ. ರೈಲು ಹೊರಟುಹೋದರೆ ಗಾಡೀ ಸುಟಲೀ. ಗಂಟು ಬಿಚ್ಚಿಕೊಂಡರೆ ಸುಟಲೀ, ಜೈಲಿನಿಂದ ಬಿಟ್ಟರೆ ಸುಟಲೀ. ಪುಣೆಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿದ್ದ ಸುಟಲೀಗಳು ಇಷ್ಟೇ. ಒಂದರಲ್ಲೂ ಯಾರೂ ಉಳಿಯುವುದಿಲ್ಲ, ಎಲ್ಲರೂ ಹೋಗುತ್ತಾರೆ.

"ಮತ್ತೊಮ್ಮೆ ಓದು," ಅಂದಳು ಅಜ್ಜಿ. ಓದಿದೆ.

"ಬಿಡುಗಡಿ ಆತು ಅಂತ ಬರದಾನ," ಅಂದಳು.

ಅವಳು ಅಳಲಿಲ್ಲ. ಕೈಯಲ್ಲಿದ್ದ ದಂಟನ್ನು ಕೆಳಗೂ ಇಡಲಿಲ್ಲ. ಟೀಚರಬಾಯಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟಿದ್ದರು. ಸುಟ್ಟ ವಾಸನೆ ಬಂದಾಗಲೇ ಅವರಿಗೆ ಎಚ್ಚರವಾದದ್ದು.

"ನಾ ಶುಕ್ರವಾರನ ಹೋಗಬೇಕಾಗಿತ್ತು," ಅಂದಳು ಅಜ್ಜಿ. "ದಂಟು ಕಟ್ಕೋತ ಕುಂತೆ."

ನಾನು ಟ್ರಂಕ್ ಕಾಲ್ ಬುಕ್ ಮಾಡಿದೆ. ಸಣ್ಣತ್ತೆಯ ಮನೆಯ ಕೆಳಗಿನ ಔಷಧಿ ಅಂಗಡಿಯ ನಂಬರು ನಮ್ಮ ಬಳಿ ಇತ್ತು. ಆಪರೇಟರ್ ಹೆಂಗಸು, "ಲೈನ್ ಬಿಝಿ ಇದೆ, ಎರಡು ತಾಸು ಆಗಬಹುದು, ಅಲ್ಲೇ ಇರಿ," ಎಂದು ಮರಾಠಿಯಲ್ಲಿ ಹೇಳಿ ಇಟ್ಟುಬಿಟ್ಟಳು. ಆಗ ಮೂರು ಗಂಟೆ ದಾಟಿತ್ತು. ಅಪ್ಪ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿಯಲ್ಲಿದ್ದ. ಕೇಳಲು ಬೇರೆ ಯಾರೂ ಇರಲಿಲ್ಲ.

ಅಜ್ಜಿ ನನ್ನ ಕಡೆ ಒಂದು ಖಾಲಿ ಚೀಟಿ ಸರಿಸಿದಳು. "ಬರಿ."

"ಏನಂತ ಬರೀಲಿ ಅಜ್ಜಿ?"

"ಎಲ್ಲಾರ್ದೂ ಏನಂತ ಬರೀತಿ? ಅದನ್ನ ಬರಿ. ಮಂದಿ ಮನಿ ಸುದ್ದಿ ಇಷ್ಟು ವರ್ಷ ಓದಿಸೀನಿ. ನನ್ನ ಮನೀದು ಬಂತಂದ್ರ ಮುಚ್ಚಿಡ್ಲೇನು?"

'ಸೊಲ್ಲಾಪುರದಲ್ಲಿ ನಮ್ಮ' ಎಂದು ಬರೆದೆ. ಪೆನ್ನು ಮುಂದಕ್ಕೆ ಹೋಗಲಿಲ್ಲ. ಮುಂದಿನ ಶಬ್ದವನ್ನು ಬರೆದರೆ ನಾನೇ ಅವಳನ್ನು ಕೊಂದಂತೆ ಅನಿಸಿತು. ಹತ್ತೊಂಬತ್ತು ವರ್ಷದವಳಿಗೆ ಇದು ಹುಚ್ಚು ಎಂದು ಗೊತ್ತಾಗದೆ ಇರಲಿಲ್ಲ. ಆದರೂ ಕೈ ಏಳಲಿಲ್ಲ.

"ಬರೀಬ್ಯಾಡ, ತಡಿ," ಎಂದು ಟೀಚರಬಾಯಿ ಚೀಟಿಯನ್ನು ನನ್ನ ಮುಂದಿನಿಂದ ಎಳೆದುಕೊಂಡರು. "ಫೋನ್ ಬರೂ ತನಕಾ ಯಾರೂ ಏನೂ ಬರಿಯೂದಿಲ್ಲ."

ಅಷ್ಟರಲ್ಲಿ ಹಿಂಬಾಗಿಲಿನಿಂದ ಚರ್ಚಿನ ನೆಲ ಒರೆಸುವ ಮಾವಶಿ ಬಕೆಟ್ ಹಿಡಿದು ಒಳಗೆ ಬಂದಳು. ಮಾವಶಿ ಮರಾಠಿಯವಳು, ಓದು ಬಾರದವಳು. ಮೊದಲು ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ನಮ್ಮ ಮೂವರ ಮುಖ ನೋಡಿ ಬಕೆಟ್ ಇಟ್ಟು, "ಕಾಯ್ ಝಾಲಂ ಗ?" ಎಂದಳು. ಏನಾಯಿತೆಂದು ಹೇಳುವ ಬದಲು ನಾನು ಫೋನಿನ ಸಂದೇಶವನ್ನೇ ಓದಿದೆ.

"ಪೋಟುಶೀ ಹೋತೀ ಕಾ ತೀ?" ಬಸುರಿಯಾಗಿದ್ದಳೇ ಎಂದು ಕೇಳಿದಳು. ತಲೆಯಾಡಿಸಿದೆ. ಮಾವಶಿ ನನ್ನ ಬೆನ್ನಿಗೆ ಒದ್ದೆ ಕೈಯಿಂದ ರಪ್ಪೆಂದು ಹೊಡೆದಳು.

"ಅಗ ವೇಡೇ, ಸುಟಲೀ ಮ್ಹಣಜೇ ಬಾಳಂತ ಝಾಲೀ!"

ಹುಚ್ಚಿ, ಸುಟಲೀ ಅಂದರೆ ಹೆರಿಗೆ ಆಯಿತು ಅಂತ. ಅವರ ಹಳ್ಳಿಯ ಕಡೆ ಹೆಂಗಸರು ಹೀಗೇ ಹೇಳುತ್ತಾರಂತೆ. ನೋವಿನಿಂದ ಬಿಡುಗಡೆ, ಹಗುರಾದಳು, ಎಂದು. ನಮಗೆ 'ಬಾಳಂತ' ಎಂಬ ಶಬ್ದ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ನಮ್ಮ ಮನೆಗಳ ಹೆರಿಗೆ ಸುದ್ದಿಗಳೆಲ್ಲ ಕನ್ನಡದಲ್ಲೇ ಬರುತ್ತಿದ್ದವಲ್ಲ. ನಮ್ಮ ಕಡೆ ಹಡೆದಳು ಅಂದರೆ ಮುಗಿಯಿತು.

ಟೀಚರಬಾಯಿ ಕುರ್ಚಿಯಲ್ಲಿ ಕುಸಿದು, "ಅಯ್ಯ ನಮ್ಮಪ್ಪ, ಇಪ್ಪತ್ತೆಂಟು ವರ್ಷ ಸಾಲಿ ಕಲಿಸಿ ಇಷ್ಟು ಮರಾಠಿ ಕಲೀಲಿಲ್ಲ ನಾ," ಎಂದು ನಗಲು ಹೋದರು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ.

"ಮಾವಶಿ," ಅಂದಳು ತನ್ನ ಕನ್ನಡದ ಮರಾಠಿಯಲ್ಲಿ, "ಭಾಳ ದಿನ ಹಾಸಗಿ ಹಿಡದವರು ಸತ್ರೂ ಸುಟಲಾ ಅಂತಾರ. ಹೌದಿಲ್ಲೊ?"

ಮಾವಶಿ ಸೆರಗಿನಿಂದ ಕೈ ಒರೆಸಿಕೊಂಡಳು. ಸುಳ್ಳು ಹೇಳುವ ಹೆಂಗಸಲ್ಲ. "ತಸಂಹೀ ಮ್ಹಣತಾತ್," ಎಂದಳು. ಹಾಗೂ ಅನ್ನುತ್ತಾರೆ.

"ಹಡದಿದ್ರ ಲಗೂನ ಬರ್ರಿ ಅಂತ ಯಾಕ ಅಂತಾರ? ಕೂಸಿನ್ನ ನೋಡಾಕ ಯಾರೂ ಹಂಗ ಅವಸರ ಮಾಡಿ ಕರಿಯೂದಿಲ್ಲ."

ಮಾವಶಿ ಬಕೆಟ್ ಎತ್ತಿಕೊಂಡು ಹೊರಗೆ ಹೋದಳು. ಅವಳು ಬರುವ ಮುಂಚೆ ನನಗೆ ಇದ್ದದ್ದು ಒಂದೇ ಭಯ, ಅದು ನೆಲಕ್ಕೆ ಕೆಡವಿ ಸುಮ್ಮನಿರಿಸಿತ್ತು. ಈಗ ಸಣ್ಣತ್ತೆ ಬದುಕಿರಬಹುದು ಎಂದಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಫೋನಿನ ಕಡೆ ನೋಡುತ್ತ, ಅದು ಬಾರಿಸಲಿ ಎಂದೂ ಬಾರಿಸದಿರಲಿ ಎಂದೂ ಒಟ್ಟಿಗೇ ಬೇಡುತ್ತಿದ್ದೆ.

ನಾಲ್ಕಕ್ಕೆ ಗಂಟೆ ಹೊಡೆಯಿತು. ಜನ ಬರತೊಡಗಿದರು. ಕುಂಬಳಕಾಯಿ, ಬದನೆಕಾಯಿ, ಒಂದು ಜೀವಂತ ಕೋಳಿ, ಎಲ್ಲವೂ ಹಬ್ಬದ ಕಾಣಿಕೆ. ಹೊರಗೆ ಯಾರೋ, "ಅಜ್ಜೀರ, ನಮ್ಮ ಹುಡುಗಂದು ಹತ್ತನೆತ್ತೆ ಪಾಸಾತ್ರಿ, ಸ್ತೋತ್ರದಾಗ ಹಾಕ್ರಿ," ಎಂದು ಕೂಗಿದರು. ಅಜ್ಜಿ, "ಹಾಕ್ತೀನ್ರಿ," ಎಂದು ನನ್ನಿಂದ ಬರೆಸಿದಳು. ಆಮೇಲೆ ಇನ್ನೊಂದು ಚೀಟಿ ತೆಗೆದುಕೊಂಡು, ನನ್ನ ಕೈಗೆ ಕೊಡದೆ, ಕಣ್ಣಿಗೆ ಹತ್ತಿರ ಹಿಡಿದು ತಾನೇ ಏನೋ ಬರೆದಳು. ಎರಡೂ ಕಟ್ಟುಗಳಿಗೆ ಸೇರಿಸದೆ ಅದನ್ನು ಬೇರೆಯಾಗಿ ಹಿಡಿದುಕೊಂಡು, ದಂಟಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ನಡೆದಳು. ಟೀಚರಬಾಯಿ ಅವಳ ಹಿಂದೆ ಹೋದರು. ಫೋನಿನ ಬಳಿ ನಾನೊಬ್ಬಳೇ ಉಳಿದೆ.

ನಡುವಿನ ಬಾಗಿಲು ತೆರೆದಿತ್ತು. ಹಾಡು ಕೇಳಿಸುತ್ತಿತ್ತು. ಆಮೇಲೆ ಅಯ್ಯನವರು ಚೀಟಿಗಳನ್ನು ಓದತೊಡಗಿದರು. ಹತ್ತನೇ ತರಗತಿ ಪಾಸಾದವನು, ಹೊಸ ಮನೆಗೆ ಹೋದವರು, ಹರ್ನಿಯಾ ಆಪರೇಷನ್ ಆದವರು. ದುಃಖದ ಚೀಟಿ ಆ ವಾರ ಒಂದೂ ಇರಲಿಲ್ಲ. ಅವರು ನಿಲ್ಲಿಸಿದರು. ಕನ್ನಡಕ ಸರಿಮಾಡಿಕೊಂಡಿರಬೇಕು.

"ಸೊಲ್ಲಾಪುರದಾಗ ನನ್ನ ಮಗಳು ಇದ್ದಾಳ," ಎಂದು ಓದಿದರು.

ಮುಂದೆ ಏನೂ ಬರೆದಿರಲಿಲ್ಲವೆಂದು ತೋರುತ್ತದೆ. ಅಯ್ಯನವರು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದರೆಂದು ಆಮೇಲೆ ಟೀಚರಬಾಯಿ ಹೇಳಿದರು. ಸ್ತೋತ್ರವೋ ದುಃಖವೋ ಎಂದು ಅವರು ಕೇಳಲಿಲ್ಲ. ಪುಸ್ತಕ ಮುಚ್ಚಿ, "ಇದಕ್ಕ ಎಲ್ಲಾರೂ ಮೊಣಕಾಲೂರೋಣು," ಎಂದರು. ಬೆಂಚುಗಳು ಕಿರುಗುಟ್ಟಿ ಇಡೀ ಸಭೆ ಮೊಣಕಾಲೂರಿದ ಸದ್ದು ನನಗೆ ಕೇಳಿಸಿತು.

ಅದೇ ಹೊತ್ತಿಗೆ ಫೋನ್ ಬಾರಿಸಿತು. ಟ್ರಂಕ್ ಕಾಲಿನ ಗಂಟೆ ಉದ್ದ, ನಿಲ್ಲದೆ ಹೊಡೆದುಕೊಳ್ಳುತ್ತದೆ. ಒಳಗೆ ಎಲ್ಲರಿಗೂ ಕೇಳಿಸಿರಬೇಕು. ರಿಸೀವರನ್ನು ಎರಡು ಕೈಯಲ್ಲಿ ಹಿಡಿದೆ. ಆ ಕಡೆ, ಔಷಧಿಗೆಂದು ಅಂಗಡಿಗೆ ಬಂದಿದ್ದ ಸಣ್ಣತ್ತೆಯ ಗಂಡ. ದನಿ ಕಡಲಾಚೆಯಿಂದ ಬಂದಂತಿತ್ತು.

"ಮಾಮಾ, ಹ್ಯಾಂಗಿದ್ದಾಳ? ಕಶೀ ಆಹೇ?" ಎರಡೂ ಭಾಷೆಯಲ್ಲಿ ಕೂಗಿದೆ.

"ಮುಲಗೀ ಝಾಲೀ," ಅಂದರು. ಹೆಣ್ಣು ಮಗು. ಕೂಸು ಚೆನ್ನಾಗಿದೆ. ಆಮೇಲೆ ಮಾತು ನಿಂತಿತು. ಲೈನು ಹೋಯಿತೇನೋ ಎಂದುಕೊಂಡೆ. ಲೈನು ಹೋಗಿರಲಿಲ್ಲ, ಅವರು ಅಳುತ್ತಿದ್ದರು. ಹೆರಿಗೆಯಾದ ಅರ್ಧ ತಾಸಿಗೆ ಅವಳಿಗೆ ಫಿಟ್ಸ್ ಬಂದಿದ್ದವು. ಒಂದಾದ ಮೇಲೆ ಒಂದು, ನಾಲ್ಕು ಸಲ. ಇನ್ನೂ ಎಚ್ಚರವಾಗಿಲ್ಲ. ಡಾಕ್ಟರು ಯಾವ ಮಾತೂ ಕೊಡುತ್ತಿಲ್ಲ. "ಆಯೀಲಾ ಘೇಊನ್ ಯಾ," ಎಂದರು. ಅಮ್ಮನನ್ನು ಕರೆದುಕೊಂಡು ಬಾ.

ನಾನು ಬೆಂಚುಗಳ ನಡುವೆ ನಡೆದು ಹೋದೆ. ಎಲ್ಲರೂ ಮೊಣಕಾಲೂರಿದ್ದರು, ಕಣ್ಣು ಮುಚ್ಚಿರಲಿಲ್ಲ. ಅಜ್ಜಿ ಮುಂದಿನ ಸಾಲಿನಲ್ಲಿ ಬೆಂಚನ್ನು ಹಿಡಿದುಕೊಂಡಿದ್ದಳು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: "ಹಡದಾಳ. ಹೆಣ್ಣು. ಜೀವ ಅದ ಅಜ್ಜಿ, ಆದ್ರ ಎಚ್ಚರಿಲ್ಲ."

"ಜೀವ ಅದ?"

"ಅದ."

ಅವಳು ನನ್ನ ಭುಜ ಹಿಡಿದು ಎದ್ದಳು. ಯಾರನ್ನೂ ನೋಡಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡಳು. ನಾನು ಕೂತು ಸರಿಮಾಡಿದೆ. ಮನೆಗೆ ಹೋಗಿ ಚೀಲ ತೆಗೆದುಕೊಂಡು, ಅಪ್ಪನಿಗೆ ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸಿ, ಸ್ವಾರಗೇಟಿನಿಂದ ಸಿಕ್ಕ ಮೊದಲ ಎಸ್‌ಟಿ ಬಸ್ಸು ಹತ್ತಿದೆವು. ದಾರಿಯಲ್ಲಿ ಅಜ್ಜಿ ಒಂದೇ ಮಾತು ಕೇಳಿದಳು, ಅದೂ ಇಂದಾಪುರ ದಾಟಿದ ಮೇಲೆ. "ಫೋನ್ ಮಾಡಿ ಎಷ್ಟು ಹೊತ್ತಾತು?" ಅದರ ಅರ್ಥ ನನಗೂ ಗೊತ್ತಿತ್ತು. ನಮ್ಮ 'ಅದ' ಎಂಬ ಮಾತು ಆಗಲೇ ಹಳೆಯದಾಗಿತ್ತು.

ಸಣ್ಣತ್ತೆಯನ್ನು ಇಟ್ಟ ಕೋಣೆಗೆ ಕಪ್ಪು ಪರದೆ ಹಾಕಿದ್ದರು. ಬೆಳಕೋ ಸದ್ದೋ ತಾಗಿದರೆ ಮತ್ತೆ ಫಿಟ್ಸ್ ಬರುತ್ತವೆಂದು ಅವಳ ಕಿವಿಗೆ ಹತ್ತಿ ತುರುಕಿದ್ದರು. ಮುಖ ಬಾತು ಗುರುತೇ ಸಿಗುವಂತಿರಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದರಿಂದ ತುಟಿಯ ಮೇಲೆ ಕಪ್ಪು ರಕ್ತ. ಅಜ್ಜಿಗೆ ಮಾತಾಡಲು ಬಿಡಲಿಲ್ಲ, ಮುಟ್ಟಲು ಬಿಟ್ಟರು. ಅವಳು ಮಗಳ ಪಾದ ಹಿಡಿದು ಸ್ಟೂಲಿನ ಮೇಲೆ ಕೂತಳು. ಊಟಕ್ಕೆ ಏಳು ಎಂದರೆ ಏಳಲಿಲ್ಲ. ಕೂಸನ್ನು ತಂದು ತೋರಿಸಿದರೆ ನೋಡಿ, "ಛಲೋ ಅದ," ಎಂದು ಮತ್ತೆ ಪಾದದ ಕಡೆ ತಿರುಗಿದಳು. ನಾನು ಬಾಗಿಲ ಹೊರಗೆ ನಿಂತು, ನರ್ಸು ಬಂದಾಗಲೆಲ್ಲ ಅವಳ ಮುಖ ಓದಲು ನೋಡುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಸಣ್ಣತ್ತೆ ಕಾಲು ಎಳೆದುಕೊಂಡಳು. ಆಮೇಲೆ ಕಣ್ಣು ಬಿಟ್ಟು, ದಪ್ಪ ನಾಲಿಗೆಯಿಂದ ನೀರು ಕೇಳಿದಳು. ಹನ್ನೆರಡನೆಯ ದಿನ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಪುಣೆಗೆ ಬಂದೆವು.