ಕೇಸಿಂಗ್ ಪೈಪಿನೊಳಗೆ ಒಂದು ಗ್ಯಾಲಕ್ಸಿ

ಮೊದಲು ಹೋಗಿದ್ದು ಶನಿಯ ಉಂಗುರ. ದೀಪಾವಳಿ ಕಳೆದು ನಾಲ್ಕೈದು ದಿನಕ್ಕೆ, ತರೀಕೆರೆಯಲ್ಲಿ ಭಾಯಿಯ ಮನೆ ತಾರಸಿಯ ಮೇಲೆ ಟೆಲಿಸ್ಕೋಪು ಇಟ್ಟುಕೊಂಡಿದ್ದೆವು. ಅವರು ಕಣ್ಣಿಟ್ಟವರು ಫೋಕಸ್ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಉಂಗುರ ಎಲ್ಲೋ ಬಿದ್ದೋಯ್ತು ಕಣಪ್ಪಾ," ಅಂದರು.

"ಸ್ನಾನಕ್ಕೆ ಬಿಚ್ಚಿಟ್ಟಿರ್ಬೇಕು ಬಿಡಿ," ಅಂದೆ ನಾನು.

ಅವರು ನಗಲಿಲ್ಲ. "ಶನೀನೂ ಇಲ್ಲ. ನಡೂಮಧ್ಯೆ ಹೊಗೆ ಬಂದು ಕೂತೈತೆ."

ಭಾಯಿ ಅಂದರೆ ಬಸ್‌ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದವರು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು. ನಾನು ಕಡೂರಿನ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರು. ನಿಂತುಹೋದ ಸ್ಟಾಪ್‌ವಾಚುಗಳನ್ನು ಚೀಲದಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋದವನು ಅಲ್ಲೇ ಕೂತುಬಿಟ್ಟೆ ಅನ್ನಬೇಕು. ಆಕಾಶದ ಹುಚ್ಚು ನನ್ನದು, ಕೈ ಅವರದು. ಆರಿಂಚಿನ ಗಾಜಿನ ಬಿಲ್ಲೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಸೇರಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದೆವು. ಕೊನೆಯ ಹೊಳಪು ಕೊಡುವಾಗ ಮಾತ್ರ ನನ್ನನ್ನು ಹತ್ತಿರಕ್ಕೇ ಬಿಡಲಿಲ್ಲ. "ನಿಂದು ಆತುರದ ಕೈ, ದೂರ ಕೂತ್ಕೊಂಡು ಕಥೆ ಹೇಳು," ಅನ್ನುತ್ತಿದ್ದರು. ಕನ್ನಡಿ ಕೂರಿಸಲು ಕೊಳವೆ ಬೇಕಾದಾಗ, ನಮ್ಮ ಭಾವಮೈದನ ತೋಟದಲ್ಲಿ ನೀರು ಬೀಳದ ಬೋರಿಗೆ ತಂದು ಮಿಕ್ಕಿದ್ದ ಕೇಸಿಂಗ್ ಪೈಪು ಸಿಕ್ಕಿತು. ಅದನ್ನು ನನ್ನ ವ್ಯಾನಿನಲ್ಲಿ ಹಾಕಿಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತು ಒಂದೇ: "ಎಷ್ಟಡಿಗೆ ನೀರು ಬಿತ್ತು?"

ಇಷ್ಟೆಲ್ಲ ಮಾಡಿದ ಮನುಷ್ಯ ಅದರಲ್ಲಿ ಒಂದೇ ಒಂದು ಗ್ಯಾಲಕ್ಸಿ ನೋಡಿರಲಿಲ್ಲ. ಊರೊಳಗಿನ ತಾರಸಿಯಿಂದ ಚಂದ್ರ, ಗುರು, ಶನಿ ಕಾಣುತ್ತವೆ. ಗ್ಯಾಲಕ್ಸಿಗೆ ಕತ್ತಲೆ ಬೇಕು. ಕತ್ತಲೆಗೆ ಊರು ಬಿಡಬೇಕು. ಅಂಗಡಿ ಮುಚ್ಚುವುದು ಒಂಬತ್ತಕ್ಕೆ. "ಮುಂದಿನ ಅಮಾಸೆಗೆ ನೋಡೋಣ ಬಿಡೋ, ಎಲ್ಲಿಗೆ ಓಡೋಗುತ್ತೆ ಅದು?" ಅನ್ನುತ್ತಾ ವರ್ಷಗಟ್ಟಲೆ ಕಳೆದಿದ್ದೆವು.

ಓಡಿಹೋಗಿದ್ದು ಕಣ್ಣು. ಎಡಗಣ್ಣಿನ ನಡುಭಾಗ ಎರಡು ವರ್ಷದ ಹಿಂದೆಯೇ ಮಸುಕಾಗಿತ್ತಂತೆ. ನನಗಿರಲಿ, ಹೆಂಡತಿಗೂ ಹೇಳಿರಲಿಲ್ಲ. ಈಗ ಭೂತಗನ್ನಡಿ ಸಿಕ್ಕಿಸಿಕೊಳ್ಳುವ ಬಲಗಣ್ಣಿಗೂ ಅದೇ ಬಂದಿತ್ತು. ಶಿವಮೊಗ್ಗದ ಡಾಕ್ಟರು ಸೂಜಿ ಹಾಕಿ ನೋಡೋಣ ಅಂದರು, ಆದರೆ ಇನ್ನು ಸಣ್ಣ ಮುಳ್ಳು, ಸಣ್ಣ ಚಕ್ರ ಕಾಣೋದು ಕಷ್ಟ ಅಂತಲೂ ಅಂದರು. ಭಾಯಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂರಲು ಶುರುಮಾಡಿದರು. ಬಂದವರಿಗೆ ಸೆಲ್ ಹಾಕಿಕೊಡುವುದು, ಪಟ್ಟಿ ಬದಲಾಯಿಸುವುದು, ಅಷ್ಟೇ.

ಅವತ್ತಿನಿಂದ ನನಗೆ ನಿದ್ದೆ ಕೆಟ್ಟಿತು. ಈ ಚಳಿಗಾಲ ಕಳೆದರೆ ಮುಂದಿನ ಚಳಿಗಾಲಕ್ಕೆ ಕಣ್ಣು ಹೇಗಿರುತ್ತೋ ಯಾರು ಕಂಡವರು? ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯಲ್ಲಿ ಓಡಾಡುವುದು, ಹಿತ್ತಲಿಗೆ ಹೋಗಿ ಮೋಡ ನೋಡುವುದು, ಒಳಗೆ ಬಂದು ಕ್ಯಾಲೆಂಡರು ನೋಡುವುದು. "ಆತುರಗಾರನಿಗೆ ಬುದ್ಧಿ ಮಟ್ಟ," ಅಂತ ನಮ್ಮಜ್ಜಿ ಹೇಳೋರು. ಆ ಮಾತನ್ನು ನನ್ನ ಹೆಂಡತಿ ಈಗ ಬಾಯಿಪಾಠ ಮಾಡಿಕೊಂಡಿದ್ದಾಳೆ.

ನಾನು ಆರಿಸಿಕೊಂಡ ಗ್ಯಾಲಕ್ಸಿಗೆ ನಮ್ಮಲ್ಲಿ ಬಳಕೆಯ ಹೆಸರಿಲ್ಲ, ಖಗೋಳದವರ ಪಟ್ಟಿಯಲ್ಲಿ ಇನ್ನೂರೈವತ್ಮೂರು ಅಂತ ನಂಬರಿದೆ. ಡಿಸೆಂಬರಿನಲ್ಲಿ ಕತ್ತಲಾಗುತ್ತಿದ್ದ ಹಾಗೆ ದಕ್ಷಿಣಕ್ಕೆ ಎತ್ತರದಲ್ಲಿರುತ್ತದೆ. ಹತ್ತು ಗಂಟೆಯೊಳಗೆ ಮನೆಗೆ ಬರಬೇಕೆಂದು ಭಾಯಿಯ ಹೆಂಡತಿ, ಅಂದರೆ ನಮ್ಮ ಭಾಬಿ, ಕರಾರು ಹಾಕಿದ್ದರಿಂದ ಅದೇ ಸರಿ ಅನ್ನಿಸಿತು. ಭಾಯಿಗೆ ಹೇಳಿದಾಗ, "ಸರ್ವೇ ನಂಬರ್ ಥರ ಐತಲ್ಲೋ. ಖಾತೆ ಯಾರ ಹೆಸ್ರಲ್ಲೈತೆ?" ಅಂದರು. ತಿಂಗಳಿಗೊಂದು ತಮಾಷೆಯಾದರೂ ಅವರ ಬಾಯಿಂದ ಬರುತ್ತಿದೆಯಲ್ಲ ಅಂತ ನನಗೆ ಸಮಾಧಾನ.

ನವೆಂಬರಿನ ಅಮಾವಾಸ್ಯೆಗೆ ಹೋದೆವು. ಬುಕ್ಕಾಂಬುಧಿ ಕೆರೆಯ ಕಡೆ ಒಂದು ಬೋಳು ದಿಣ್ಣೆ ನೋಡಿಟ್ಟಿದ್ದೆ. ಬೀರೂರು, ಕಡೂರಿನ ಬೆಳಕು ದಿಗಂತದಲ್ಲಿ ಒಂದು ಗೇಣು ಮಾತ್ರ. ಅಜ್ಜಂಪುರ ದಾಟುವವರೆಗೂ ಚುಕ್ಕಿ ಕಾಣುತ್ತಿದ್ದವು. ದಿಣ್ಣೆ ಹತ್ತಿದಾಗ ಕಂಬಳಿ ಹೊದಿಸಿದ ಹಾಗೆ ಮೋಡ. ಫ್ಲಾಸ್ಕಿನ ಚಹಾ ಕುಡಿದು ವಾಪಸು ಬಂದೆವು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ತಲೆ ಹೊರಗೆ ಹಾಕುವುದು, ಭಾಯಿ "ರಸ್ತೆ ನೋಡೋ, ನಂಗಂತೂ ಕಾಣಲ್ಲ, ನೀನಾದ್ರೂ ನೋಡು!" ಅಂತ ಬೈಯುವುದು.

ಡಿಸೆಂಬರಿನಲ್ಲಿ ಅಮಾವಾಸ್ಯೆಯ ಹಿಂದಿನ ದಿನವೇ ಹೊರಟೆವು. ಮೋಡವೇನೋ ಇರಲಿಲ್ಲ. ಪೈಪು ನಿಲ್ಲಿಸಿ, ತಿಮಿಂಗಿಲ ಅನ್ನುವ ನಕ್ಷತ್ರಪುಂಜದ ಬಾಲದ ನಕ್ಷತ್ರ ಹಿಡಿದು, ಅಲ್ಲಿಂದ ಕೆಳಗೆ ಇಳಿಸುತ್ತಿದ್ದೆ. ಇದ್ದಕ್ಕಿದ್ದಂತೆ ಸುತ್ತಲೂ ತೋಟದ ಮಧ್ಯೆ ಬಲ್ಬುಗಳು ಹತ್ತಿಕೊಂಡವು. ಅತ್ತ ಮೂರು, ಇತ್ತ ಒಂದು, ನಮ್ಮಿಂದ ನಲವತ್ತು ಹೆಜ್ಜೆಯಲ್ಲೇ ಒಂದು. ಹೊತ್ತುಗೊತ್ತಿಲ್ಲದೆ ಬರುವ, ಮೋಟರು ಓಡಿಸುವ ತ್ರೀಫೇಸ್ ಕರೆಂಟು ಬಂದಿತ್ತು. ನಮ್ಮ ಕಡೆ ಮೋಟರಿನ ಮನೆಯ ಗೋಡೆಗೆ ಒಂದು ಬಲ್ಬು ಹಾಕಿ ಸ್ವಿಚ್ಚು ಒತ್ತಿಯೇ ಬಿಟ್ಟಿರುತ್ತಾರೆ. ಲೈನು ಬಂದ ಕೂಡಲೇ ಅದು ಹತ್ತಬೇಕು, ಮನೆಯ ಜಗುಲಿಯಲ್ಲಿ ಕೂತವರಿಗೆ ಕಾಣಬೇಕು, ಎದ್ದು ಬಂದು ಮೋಟರು ಹಾಕಬೇಕು. ಇದು ಗೊತ್ತಿದ್ದೂ ನಾನು ಬೋರಿಲ್ಲದ ದಿಣ್ಣೆ ನೋಡದೆ, ಮರವಿಲ್ಲದ ದಿಣ್ಣೆ ನೋಡಿದ್ದೆ.

ಹತ್ತಿರದ ಬಲ್ಬಿನ ಕಡೆಯಿಂದ ಒಬ್ಬ ಹೆಂಗಸು ಟಾರ್ಚು ಹಿಡಿದು ಬಂದಳು. ಅರವತ್ತರ ಮೇಲಿನ ವಯಸ್ಸು, ತಲೆಗೆ ಟವೆಲು, ಕೈಯಲ್ಲಿ ಕುಡುಗೋಲು. "ಯಾರ್ರೀ ಅದು? ಅಮಾಸೆ ಹತ್ರ ಬಂದ್ರೆ ಸಾಕು, ನಿಧಿ ತೆಗಿಯೋಕೆ ಬಂದ್ಬಿಡ್ತೀರ! ಆ ಪೈಪ್ ಯಾಕೆ, ಹಳ್ಳಕ್ಕೆ ಇಳಿಯಾಕಾ?"

"ನಿಧಿ ಅಲ್ಲಮ್ಮ, ನಕ್ಷತ್ರ ನೋಡೋಕೆ ಬಂದಿದ್ದು," ಅಂದೆ.

"ನಕ್ಷತ್ರ ನೋಡಾಕೆ ಪೈಪ್ ಯಾಕೆ? ತಲೆ ಎತ್ತಿದ್ರೆ ಕಾಣ್ತವಲ್ಲ!"

ಕುಡುಗೋಲು ಕೆಳಗಿಳಿಯಲು ಭಾಯಿಯ ಕಣ್ಣಿನ ಕಥೆ ಪೂರ್ತಿ ಹೇಳಬೇಕಾಯಿತು. ಕೇಳಿಸಿಕೊಂಡವಳು, "ಅಯ್ಯೋ, ನಮ್ಮಪ್ಪಂಗೂ ಹಿಂಗೇ ಆಗಿತ್ತು ಕಣ್ರೀ," ಅಂದಳು. ಉಳಿದ ತೋಟದವರು ಅವಳ ಮೈದುನಂದಿರೇ. ನಾಳೆ ಎಲ್ಲರಿಗೂ ಹೇಳಿ ಬಲ್ಬು ಆರಿಸುತ್ತೇನೆ ಅಂದಳು. ಆದರೆ ಒಂದು ಷರತ್ತು. ಬಲ್ಬಿಲ್ಲದಿದ್ದರೆ ಲೈನು ಬಂದಿದ್ದು ತಿಳಿಯುವುದಿಲ್ಲ, ಸ್ಟಾರ್ಟರ್ ಡಬ್ಬಿಯಲ್ಲಿ ಒಂದು ಸಣ್ಣ ಕೆಂಪು ದೀಪ ಇದೆ, ಅದು ಹತ್ತಿದ ಕೂಡಲೇ ನಾನು ಅವಳನ್ನು ಕೂಗಬೇಕು. ನಾನೇನೂ ಮುಟ್ಟಕೂಡದು.

"ಮುಟ್ಟಲ್ಲಮ್ಮ," ಅಂದೆ.

ಮರುದಿನ ಅಮಾವಾಸ್ಯೆ. ಏಳಕ್ಕೆಲ್ಲ ಕತ್ತಲು ಗಟ್ಟಿಯಾಗಿತ್ತು. ಆ ಹೆಂಗಸು ಮಾತಿಗೆ ತಪ್ಪಿರಲಿಲ್ಲ, ಎಲ್ಲೂ ಒಂದು ಬಲ್ಬಿಲ್ಲ. ಹತ್ತು ನಿಮಿಷದಲ್ಲಿ ಗ್ಯಾಲಕ್ಸಿ ಹಿಡಿದೆ. ಕಪ್ಪು ಬಟ್ಟೆಯ ಮೇಲೆ ವಿಭೂತಿಯ ಬೆರಳು ಒಂದು ಸಲ ಎಳೆದ ಹಾಗೆ, ಅಷ್ಟು ತೆಳುವಾಗಿ ಇತ್ತು. "ಬನ್ನಿ ಭಾಯಿ," ಅಂದೆ.

ಅವರು ಬಲಗಣ್ಣಿಟ್ಟರು. ನಲವತ್ತು ವರ್ಷ ಗಡಿಯಾರದೊಳಗೆ ನೋಡಿದ ಹಾಗೆಯೇ, ಎಡಗಣ್ಣು ಮುಚ್ಚಿ, ಉಸಿರು ಹಿಡಿದು, ನೆಟ್ಟ ನೋಟ.

"ಏನೂ ಇಲ್ಲ."

ನಾನು ನೋಡಿದೆ. ಇತ್ತು. ಜಾಗ ಬಿಟ್ಟೆ.

"ಇಲ್ಲ ಕಣಪ್ಪಾ."

ಸ್ಟಾರ್ಟರ್ ಡಬ್ಬಿಯತ್ತ ಓಡಿದೆ. ಕೆಂಪು ದೀಪ ಹತ್ತಿರಲಿಲ್ಲ. ಓಡಿ ಬಂದೆ. ಗ್ಯಾಲಕ್ಸಿ ಸರಿದುಹೋಗಿತ್ತು, ಮತ್ತೆ ಹಿಡಿದು ತೋರಿಸಿದೆ. ಇಲ್ಲ. ಮತ್ತೆ ಡಬ್ಬಿ. ಮತ್ತೆ ದಿಣ್ಣೆ. ಹೀಗೆ ನಾಲ್ಕು ಸಲ. ಐದನೆಯ ಸಲ ಬಂದಾಗ ಅವರು ಟೋಪಿ ಕಿವಿಗೆಳೆದುಕೊಂಡು ನಿಂತಿದ್ದರು.

"ನಂದಾಯ್ತು. ಇಷ್ಟು ದೂರ ಬಂದಿದೀಯ, ನೀನು ನೋಡ್ಕೊ. ಆಮೇಲೆ ಹೊರಡೋಣ." ಬೇಜಾರಿನ ಧ್ವನಿಯಲ್ಲ, ರಿಪೇರಿಯಾಗದ ಗಡಿಯಾರ ವಾಪಸು ಕೊಡುವಾಗಿನ ಧ್ವನಿ. ನನಗೆ ಅದೇ ತಡೆಯಲಾಗಲಿಲ್ಲ.

ಕೈಯಲ್ಲಿದ್ದ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ. ಆ ಮಂದ ಬೆಳಕಿನಲ್ಲಿ ನೋಡಿದರೆ ಅವರು ನನ್ನ ಕಿವಿಯ ಜೊತೆ ಮಾತಾಡುತ್ತಿದ್ದರು. ತಿಂಗಳಿಂದ ಹಾಗೇ ಮಾತಾಡುತ್ತಿದ್ದರು, ನಾನೇ ಗಮನಿಸಿರಲಿಲ್ಲ.

"ಭಾಯಿ, ನನ್ನ ಮುಖ ಕಾಣ್ತಾ?"

"ಕಾಣುತ್ತೆ. ಕಿವಿ ನೋಡಿದ್ರೆ ಮುಖ ಕಾಣುತ್ತೆ. ಮುಖ ನೋಡಿದ್ರೆ ಹೊಗೆ. ನಮ್ಮನೇವ್ಳು ದಿನಾ ಜಗಳ, ನನ್ನ ಕಂಡ್ರೆ ಮುಖ ತಿರುಗಿಸ್ತೀರ ಅಂತ."

ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಹದಿನೈದು ವರ್ಷದಿಂದ ಗ್ಯಾಲಕ್ಸಿ ನೋಡುತ್ತಿದ್ದೇನೆ. ಇಷ್ಟು ಮಂದವಾದದ್ದನ್ನು ಆರೋಗ್ಯದ ಕಣ್ಣೂ ನೆಟ್ಟಗೆ ನೋಡಬಾರದು. ನೆಟ್ಟಗೆ ನೋಡಿದರೆ ಕರಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮೂಡುತ್ತದೆ. ಕತ್ತಲಲ್ಲಿ ಕಣ್ಣಿನ ನಡುಭಾಗಕ್ಕಿಂತ ಅಂಚೇ ಚುರುಕು. ನಾನು ಮಾಡುವುದೂ ಅದನ್ನೇ, ಆದರೆ ಅಭ್ಯಾಸವಾಗಿಹೋಗಿ ಹೇಳುವುದನ್ನೇ ಮರೆತಿದ್ದೆ. ಹೋಗಿದ್ದು ಅವರ ನಡುವಿನ ನೋಟ. ಅಂಚಿನ ನೋಟ ಇದ್ದ ಹಾಗೇ ಇತ್ತು.

"ಗಡಿಯಾರ ನೋಡ್ದಂಗೆ ನೋಡ್ಬೇಡಿ. ಭಾಬೀನ ನೋಡ್ದಂಗೆ ನೋಡಿ!"

"ಏನೋ ಹಂಗಂದ್ರೆ?"

"ಮುಖ ತಿರುಗಿಸಿ ಭಾಯಿ! ಎದುರಿಗೆ ಬ್ಯಾಡ, ಪಕ್ಕದ ಚುಕ್ಕಿ ನೋಡಿ. ಅದು ಸರಿದಂಗೆ ಪೈಪ್ ಮೆಲ್ಲಗೆ ತಳ್ಳಿ."

ಹೇಳಿ ಡಬ್ಬಿಯ ಕಡೆ ನೋಡುತ್ತೇನೆ, ದೂರದಲ್ಲಿ ಸಾಸಿವೆಯಷ್ಟು ಕೆಂಪು. ಲೈನು ಬಂದುಬಿಟ್ಟಿತ್ತು.

ಓಡಿದೆ. ಕೂಗಲು ಬಾಯಿ ತೆರೆದೆ. ಕೂಗಿದರೆ ಟಾರ್ಚು ಬರುತ್ತದೆ, ಬಲ್ಬು ಹತ್ತುತ್ತದೆ, ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ, ಮತ್ತೆ ಅರ್ಧ ಗಂಟೆ. ಕೂಗದಿದ್ದರೆ ನಂಬಿದವಳ ನೀರು ಹೋಗುತ್ತದೆ. ಆ ಕಡೆ ದಿಣ್ಣೆಯ ಮೇಲೆ ಭಾಯಿ ಈಗಷ್ಟೇ ಕಣ್ಣಿಟ್ಟಿದ್ದಾರೆ. ಮುಟ್ಟಲ್ಲ ಅಂದಿದ್ದ ಮಾತು ಮರೆತು ಹಸಿರು ಗುಂಡಿ ಒತ್ತಿಬಿಟ್ಟೆ. ಮೋಟರು ಗುಂಯ್ ಅಂದಿತು, ಎಲ್ಲೋ ಕತ್ತಲಲ್ಲಿ ನೀರು ಬಿದ್ದ ಸದ್ದಾಯಿತು. ನಾಯಿಯ ಹಾಗೆ ಏದುಸಿರು ಬಿಡುತ್ತಾ ವಾಪಸು ಓಡಿಬಂದೆ.

"ಏನೋ ಅದು ಶಬ್ದ?"

"ಏನಿಲ್ಲ, ನೀವು ನೋಡಿ."

"ನೋಡ್ತಾನೇ ಇದೀನಿ," ಅಂದರು ಭಾಯಿ. ಸ್ವಲ್ಪ ಹೊತ್ತಿನ ಮೇಲೆ, "ಬಂತು."

ನನಗೆ ನಂಬಿಕೆ ಬರಲಿಲ್ಲ. ನಾನು ಪಟ್ಟ ಪಾಡು ನೋಡಿ ನನ್ನ ಸಮಾಧಾನಕ್ಕೆ ಕಂಡಿತು ಅಂದುಬಿಡುವ ಪೈಕಿ ಅವರು. "ಹೆಂಗೈತೆ ಹೇಳಿ?" ಅಂದೆ, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ಹಾಗೆ.

"ಉದ್ದಕೈತೆ. ದುಂಡಗಿಲ್ಲ. ಓರೆಯಾಗಿ ಮಲಗೈತೆ, ಎಡಗಡೆ ತಲೆ ಮೇಲೆ. ಅದರ ಪಕ್ಕದಲ್ಲಿ ಎರಡು ಚುಕ್ಕಿ. ಹೋಯ್ತು... ಇರು... ಹಾಂ, ಬಂತು. ಆ ಚುಕ್ಕಿ ನೋಡಿದ್ರೆ ಇದು ಕಾಣುತ್ತೆ."

ನನಗೆ ಆ ಎರಡು ಚುಕ್ಕಿ ನೆನಪಿರಲಿಲ್ಲ. "ಒಂದ್ನಿಮಿಷ ಬಿಡಿ, ನೋಡ್ತೀನಿ," ಅಂದೆ.

"ಅಲ್ಲಿಂದ ಬೆಳಕು ಹೊರಟು ಎಷ್ಟು ವರ್ಷ ಆಯ್ತು ಅಂದಿದ್ದೆ?"

"ಒಂದು ಕೋಟಿ ಮೇಲೆ."

"ಅದು ಕೋಟಿ ವರ್ಷ ನಡ್ಕಂಬಂದೈತೆ, ನೀನು ಒಂದ್ನಿಮಿಷ ಕಾಯಕ್ಕಾಗಲ್ವೇನೋ?"

ಬಿಡಲಿಲ್ಲ. ಎರಡು ಬೆರಳಲ್ಲಿ ಪೈಪನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಸರಿಸುತ್ತಾ ನಿಂತೇ ಇದ್ದರು. ನಾನು ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ಕೊನೆಗೆ ಜಾಗ ಬಿಟ್ಟಾಗ ಇಣುಕಿದೆ. ಗ್ಯಾಲಕ್ಸಿ ಸರಿಯಾಗಿ ಮಧ್ಯದಲ್ಲಿತ್ತು. ತಲೆ ಎಡಕ್ಕೆ, ಮೇಲಕ್ಕೆ. ಪಕ್ಕದಲ್ಲಿ ಎರಡು ಚುಕ್ಕಿ.

ಅಷ್ಟರಲ್ಲಿ ಕೆಳಗಿನಿಂದ ಕೂಗು. "ಯಾವನ್ರೀ ಅವ್ನು ಮೋಟ್ರು ಹಾಕ್ದೋನು? ವಾಲ್ವು ತಿರುಗಿಸ್ದೆ ಹಾಕ್ಬಿಟ್ಟವ್ನೆ! ನೆನ್ನೆ ಕುಡ್ದಿದ್ದ ಸಾಲೇ ಮತ್ತೆ ಕುಡೀತೈತೆ, ಬದ್ನೆ ಗಿಡ ಒಣಗ್ತಾ ನಿಂತವೆ!"

ಹೋಗಿ ಕೈಮುಗಿದು ನಿಂತೆ. ವಾಲ್ವು ತಿರುಗಿಸಿಕೊಟ್ಟೆ. ಬೈಗುಳ ಪೂರ್ತಿ ಕೇಳಿಸಿಕೊಂಡೆ, ತಪ್ಪು ನನ್ನದೇ. ಬೈದು ಮುಗಿಸಿದವಳು ಸೆರಗಿಗೆ ಕೈ ಒರೆಸಿಕೊಂಡು, "ಆಮೇಲೆ? ಅವ್ರಿಗೆ ಕಾಣ್ತಾ?" ಅಂದಳು.

"ಕಾಣ್ತಮ್ಮ."

"ಹಂಗಾರೆ ನಂಗೂ ತೋರ್ಸಿ."

ಟಾರ್ಚು ಆರಿಸಿಕೊಂಡು ಬಂದಳು. ನಾನು ಹೇಳಿಕೊಡಲು ಹೋದರೆ ಭಾಯಿ ನನ್ನನ್ನು ತಳ್ಳಿ ಮುಂದೆ ಬಂದರು. "ಬಾಮ್ಮ. ಮೊದ್ಲು ಒಂದೈದು ನಿಮಿಷ ಕತ್ಲಲ್ಲಿ ನಿಂತ್ಕೋ. ಹಾಂ. ಈಗ ಒಂದು ಕಣ್ಣಿಡು. ಎದುರಿಗೆ ನೋಡ್ಬೇಡ, ನಾಚ್ಕೊಂಡು ಓಡೋಗುತ್ತೆ. ಪಕ್ಕದಲ್ಲಿ ಎರಡು ಚುಕ್ಕಿ ಅವೆ ನೋಡು, ಅವನ್ನ ಮಾತಾಡ್ಸು, ಇದು ತಾನಾಗಿ ಬತ್ತದೆ."

ಅವಳು ನೋಡಿದಳು. ಅವರು ಪೈಪು ಸರಿಸಿದರು. ಅವಳು ಮತ್ತೆ ನೋಡಿದಳು. "ಹೂಂ," ಅಂದಳು, "ಇಷ್ಟೇಯಾ?" ಅಂತಲೂ ಅಂದಳು. ಆದರೆ ಕಣ್ಣು ತೆಗೆಯಲಿಲ್ಲ.

ಮನೆಗೆ ಹೊರಟಾಗ ಒಂಬತ್ತೂವರೆ ದಾಟಿತ್ತು, ಭಾಬಿಯ ಫೋನು ಎರಡು ಸಲ ಬಂದಿತ್ತು. ವ್ಯಾನಿನಲ್ಲಿ ಭಾಯಿ ಕೂತಲ್ಲಿ ಕೂರಲಿಲ್ಲ. ಇಂಥವು ಇನ್ನೆಷ್ಟು ಇವೆ ಅಂದರು. ಈ ಪೈಪಿಗೇ ನೂರಾರು ಸಿಗುತ್ತವೆ ಅಂದೆ. ಎಲ್ಲವನ್ನೂ ಪಕ್ಕಕ್ಕೇ ನೋಡಬೇಕಾ ಅಂದರು. ಹೆಚ್ಚುಕಮ್ಮಿ ಎಲ್ಲವನ್ನೂ ಅಂದೆ. ಅಜ್ಜಂಪುರ ಬರುತ್ತಿದ್ದ ಹಾಗೆ ತೊಡೆ ತಟ್ಟುತ್ತಾ ಕೇಳಿದರು:

"ಇನ್ನು ಅಮಾಸೆ ಯಾವಾಗ?"

"ಇವತ್ತೇ ಅಮಾಸೆ ಭಾಯಿ."

"ಹಂಗಾದ್ರೆ ನಾಳೆ ಸಂಜೆನೂ ಕತ್ಲೆ ಇರುತ್ತಲ್ಲ," ಅಂದರು. "ಆರಕ್ಕೇ ಬಾ. ಅಂಗಡಿ ನಾನು ಐದಕ್ಕೇ ಮುಚ್ತೀನಿ."